ಲಾಮು: ಸ್ವಾಹಿಲಿ ದ್ವೀಪಪಟ್ಟಣದ ವಾಸ್ತು, ಕುಶಲಕಲೆ ಮತ್ತು ಆಚರಣೆಗಳು

ಲಾಮು ಕೆನ್ಯಾ ದೇಶದ ಉತ್ತರ ಕರಾವಳಿಯ ಲಾಮು ದ್ವೀಪಸ್ತೋಮದಲ್ಲಿ ಅದೇ ಹೆಸರಿನ ದ್ವೀಪದ ಮೇಲಿರುವ ಸ್ವಾಹಿಲಿ ಪಟ್ಟಣ. ಏಳುನೂರು ವರ್ಷಗಳಿಗೂ ಮಿಕ್ಕಿ ಜನವಸತಿ ಕಡಿಯದೆ ಉಳಿದಿರುವ ಈ ಊರು ಪೂರ್ವ ಆಫ್ರಿಕದ ಸ್ವಾಹಿಲಿ ನೆಲೆಗಳಲ್ಲಿ ಅತ್ಯಂತ ಹಳೆಯದು, ಅತ್ಯಂತ ಚೆನ್ನಾಗಿ ಉಳಿದುಬಂದದ್ದು ಎಂದು ಯುನೆಸ್ಕೊ ಗುರುತಿಸಿದೆ. 2001ರಲ್ಲಿ ಇದರ ಹಳೆಯ ಪಟ್ಟಣಭಾಗ, ಸುಮಾರು 16 ಹೆಕ್ಟೇರ್, ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹವಳದ ಕಲ್ಲಿನ ಮನೆಗಳು, ಕೆತ್ತನೆಯ ಬಾಗಿಲುಗಳು, ಹಾಯಿದೋಣಿಗಳು, ಮೌಲೀದ್ ಹಬ್ಬ ಮತ್ತು ಸ್ವಾಹಿಲಿ ಕಾವ್ಯಕ್ಕೆ ಲಾಮು ಹೆಸರಾಗಿದೆ.

ನೆಲೆ

ಮೊಂಬಾಸಾದಿಂದ ಈಶಾನ್ಯಕ್ಕೆ ರಸ್ತೆಯ ಲೆಕ್ಕದಲ್ಲಿ ಸುಮಾರು 340 ಕಿ.ಮೀ. ಹೋಗಿ, ಅಲ್ಲಿಂದ ದೋಣಿ ಹತ್ತಿದರೆ ಲಾಮು. ದ್ವೀಪಸ್ತೋಮದ ಮುಖ್ಯ ದ್ವೀಪಗಳು ಲಾಮು, ಮಂಡಾ, ಪಾಟೆ. ಲಾಮು ದ್ವೀಪದಲ್ಲಿ ಪಟ್ಟಣವಲ್ಲದೆ ಶೇಲಾ, ಮಟೊಂಡೊನಿ, ಕಿಪುಂಗಾನಿ ಎಂಬ ಊರುಗಳಿವೆ. ದ್ವೀಪದ ದಕ್ಷಿಣದಲ್ಲಿ ಶೇಲಾದ ಮರಳುದಿಬ್ಬಗಳು ಉದ್ದಕ್ಕೂ ಹಬ್ಬಿವೆ. ಮಳೆಯ ನೀರು ಈ ದಿಬ್ಬಗಳಲ್ಲಿ ಇಂಗಿ ನಿಲ್ಲುತ್ತದೆ. ಪಟ್ಟಣದ ಬಾವಿಗಳಿಗೂ ನಲ್ಲಿಗಳಿಗೂ ಅದೇ ಆಧಾರ.

ವರ್ಷವನ್ನು ಎರಡು ಮಾರುತಗಳು ಹಂಚಿಕೊಂಡಿವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವುದು ಕಸ್ಕಾಜಿ, ಏಪ್ರಿಲ್‌ನಿಂದ ಮುಂದೆ ದಕ್ಷಿಣದಿಂದ ಬೀಸುವುದು ಕೂಸಿ. ಅರೇಬಿಯ, ಪರ್ಷಿಯ ಮತ್ತು ಭಾರತದ ಪಶ್ಚಿಮ ಕರಾವಳಿಯ ಹಡಗುಗಳು ಕಸ್ಕಾಜಿಯ ಜೊತೆ ಬಂದು ಕೂಸಿಯ ಜೊತೆ ಮರಳುತ್ತಿದ್ದವು. ಗಾಳಿ ತಿರುಗುವವರೆಗೆ ವ್ಯಾಪಾರಿಗಳು ತಿಂಗಳುಗಟ್ಟಲೆ ಇಲ್ಲಿಯೇ ಉಳಿಯಬೇಕಾಗುತ್ತಿತ್ತು. ಹೊರಗಿನವನನ್ನು ಒಳಮನೆಗೆ ಬಿಡದೆ, ಗೌರವಕ್ಕೂ ಕುಂದು ತರದೆ ಇರಿಸಿಕೊಳ್ಳುವ ಏರ್ಪಾಡು ಲಾಮುವಿನ ಮನೆಯ ಕಟ್ಟಡದಲ್ಲೇ ಅಡಕವಾಗಿದ್ದರೆ, ಅದರ ಹಿಂದೆ ಈ ಗಾಳಿಯ ನಿಯಮವೂ ಇದೆ.

ಇತಿಹಾಸ

ಸ್ವಾಹಿಲಿ ಪಟ್ಟಣಗಳು ಅರಬ್ ಅಥವಾ ಪರ್ಷಿಯನ್ ವಲಸಿಗರ ಸ್ಥಾಪನೆಗಳೆಂದು ಬಹುಕಾಲ ನಂಬಲಾಗಿತ್ತು. ಪಾಟೆ ದ್ವೀಪದ ಶಾಂಗಾದಲ್ಲಿ ಮಾರ್ಕ್ ಹಾರ್ಟನ್ ನಡೆಸಿದ ಉತ್ಖನನ ಈ ನಂಬಿಕೆಯನ್ನು ಅಲುಗಿಸಿತು. ಅಲ್ಲಿ 8ನೆಯ ಶತಮಾನದಷ್ಟು ಹಿಂದಿನ ಚಿಕ್ಕ ಮರದ ಮಸೀದಿಯ ಕುರುಹುಗಳೂ, ಸ್ಥಳೀಯ ಮಡಕೆ ಬಳಸುತ್ತಿದ್ದ ಜನರ ಊರೊಂದು ಮೆಲ್ಲಗೆ ಕಲ್ಲಿನ ಪಟ್ಟಣವಾದ ಹಂತಗಳೂ ಸಿಕ್ಕವು. ಸ್ವಾಹಿಲಿ ಬಾಂಟು ಕುಟುಂಬದ ಭಾಷೆ. ಅದರ ಶಬ್ದಕೋಶದಲ್ಲಿ ಅರಬ್ಬಿಯ ಪಾಲು ದೊಡ್ಡದು. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನವು ಮಧ್ಯಯುಗದ ಕರಾವಳಿ ಗಣ್ಯರಲ್ಲಿ ಅನೇಕರಿಗೆ ತಾಯಿಯ ಕಡೆಯಿಂದ ಬಹುಪಾಲು ಆಫ್ರಿಕನ್, ತಂದೆಯ ಕಡೆಯಿಂದ ಹೆಚ್ಚಾಗಿ ಪರ್ಷಿಯನ್ ಮೂಲವಿತ್ತೆಂದು ತೋರಿಸಿತು.

1506ರಲ್ಲಿ ಪೋರ್ಚುಗೀಸ್ ನೌಕಾಪಡೆ ಲಾಮುವಿನ ಮೇಲೆ ಕಪ್ಪ ಹೇರಿತು. 1698ರಲ್ಲಿ ಒಮಾನಿಗಳು ಮೊಂಬಾಸಾದ ಫೋರ್ಟ್ ಜೀಸಸ್ ಕೋಟೆಯನ್ನು ಗೆದ್ದ ಮೇಲೆ ಪೋರ್ಚುಗೀಸರ ಹಿಡಿತ ಕಳಚಿತು. ಅಲ್ಲಿಂದ 19ನೆಯ ಶತಮಾನದ ಆರಂಭದವರೆಗಿನ ಅವಧಿ ಲಾಮುವಿನ ಸಮೃದ್ಧಿಯ ಕಾಲ. ಇಂದು ಕಾಣುವ ದೊಡ್ಡ ಮನೆಗಳು ಬಹುಮಟ್ಟಿಗೆ ಆಗ ಎದ್ದವು. ದಂತ, ಕಾಂಡ್ಲಾ ಮರದ ತೊಲೆ, ಧಾನ್ಯ, ಆಮೆಚಿಪ್ಪು ಇಲ್ಲಿಂದ ಹೊರಹೋಗುತ್ತಿದ್ದವು. ಗುಲಾಮರ ವ್ಯಾಪಾರವೂ ನಡೆಯುತ್ತಿತ್ತು. ಎದುರಿನ ಮುಖ್ಯಭೂಮಿಯ ತೋಟಗಳಲ್ಲಿ ದುಡಿದವರು, ಹವಳದ ಕಲ್ಲು ಹೊತ್ತವರು, ಸುಣ್ಣ ಸುಟ್ಟವರು ಬಹುಪಾಲು ಗುಲಾಮರೇ. ಲಾಮುವಿನ ಮನೆಗಳ ಚೆಲುವನ್ನು ವರ್ಣಿಸುವಾಗ ಇದನ್ನು ಬಿಡುವಂತಿಲ್ಲ. ಪೂರ್ವ ಆಫ್ರಿಕದಿಂದ ಹೊರಟ ಇದೇ ಬಗೆಯ ಬಲವಂತದ ಸಾಗಣೆ ಭಾರತಕ್ಕೂ ಮುಟ್ಟಿತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಯರ ಪೂರ್ವಜರು ಪೋರ್ಚುಗೀಸರ ಗೋವೆಯ ಮೂಲಕ ಬಂದ ಆಫ್ರಿಕನ್ನರು.

1812ರ ಸುಮಾರಿಗೆ ಪಾಟೆಯವರೂ ಮೊಂಬಾಸಾದ ಮಜ್ರೂಯಿ ಮನೆತನದವರೂ ಒಂದಾಗಿ ಲಾಮುವಿನ ಮೇಲೆ ಬಂದರು. ಶೇಲಾ ಕದನದಲ್ಲಿ ಲಾಮು ಗೆದ್ದಿತು. ಪ್ರತೀಕಾರಕ್ಕೆ ಅಂಜಿ ಅದು ಒಮಾನಿನ ಸುಲ್ತಾನ ಸಯ್ಯಿದ್ ಸಯೀದನ ಆಸರೆ ಕೋರಿತು. 1813 ಮತ್ತು 1821ರ ನಡುವೆ ಲಾಮುವಿನ ಕೋಟೆ ಎದ್ದುದು ಆ ನೆರವಿನಿಂದ. ಮುಂದೆ ಸುಲ್ತಾನ ತನ್ನ ರಾಜಧಾನಿಯನ್ನು ಜಾಂಜಿಬಾರಿಗೆ ಸಾಗಿಸಿದಾಗ ವ್ಯಾಪಾರವೂ ಅತ್ತ ಸರಿಯಿತು. 1901ರಲ್ಲಿ ಮೊಂಬಾಸಾದಿಂದ ವಿಕ್ಟೋರಿಯ ಸರೋವರದವರೆಗೆ ರೈಲುಮಾರ್ಗ ಮುಗಿಯಿತು, 1907ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಇವೆರಡರ ನಂತರ ಲಾಮುವಿನಲ್ಲಿ ಹೊಸದಾಗಿ ಕಟ್ಟುವಷ್ಟು ಹಣ ಉಳಿಯಲಿಲ್ಲ. ಹಳೆಯ ಮನೆಗಳು ನೆಲಸಮವಾಗದೆ ಉಳಿಯಲು ಈ ಬಡತನವೇ ಮುಖ್ಯ ಕಾರಣ.

ಪಟ್ಟಣದ ವಿನ್ಯಾಸ

ಪಟ್ಟಣದ ಉತ್ತರ ಭಾಗ ಎಂಕೊಮಾನಿ, ಕಲ್ಲಿನ ಮನೆಗಳ ಹಳೆಯ ಕೇರಿ. ದಕ್ಷಿಣದ ಲಂಗೊನಿಯಲ್ಲಿ ಮಣ್ಣಿನ ಗೋಡೆ, ತೆಂಗಿನ ಗರಿಯ ಮಾಕುಟಿ ಹೊದಿಕೆಯ ಮನೆಗಳೂ ನಂತರ ಬಂದವರ ವಸತಿಗಳೂ ಸೇರಿವೆ. ಎರಡೂ ಭಾಗಗಳು ಮ್ಟಾ ಎಂದು ಕರೆಯುವ ಅನೇಕ ಚಿಕ್ಕ ಕೇರಿಗಳಾಗಿ ಒಡೆದಿವೆ. ದಡಕ್ಕೆ ಸಮಾನಾಂತರವಾಗಿ ಪಟ್ಟಣದ ನಡುವೆ ಹಾದುಹೋಗುವ ದಾರಿ ಉಸಿಟಾ ವಾ ಮುಯಿ. ಅಂಗಡಿಗಳ ಸಾಲು ಅದರಲ್ಲಿದೆ. ಉಳಿದವು ಓಣಿಗಳು. ಎರಡು ಕತ್ತೆಗಳು ಎದುರಾದರೆ ಒಂದು ಗೋಡೆಗೆ ಒತ್ತಿ ನಿಲ್ಲಬೇಕಾದಷ್ಟು ಕಿರಿದಾದ ಓಣಿಗಳೂ ಇವೆ. ಈ ಕಿರಿದುತನ ನೆರಳನ್ನು ಕೊಡುತ್ತದೆ, ಸಮುದ್ರದ ಗಾಳಿಯನ್ನು ಒಳಗೆ ಸೆಳೆಯುತ್ತದೆ. ಪಟ್ಟಣದೊಳಗೆ ಕಾರುಗಳಿಲ್ಲ, ಸರಕು ಹೊರುವುದು ಕತ್ತೆಗಳು. 1987ರಿಂದ ಬ್ರಿಟನ್ನಿನ ಡಾಂಕಿ ಸ್ಯಾಂಕ್ಚುಯರಿ ಸಂಸ್ಥೆ ಇಲ್ಲಿ ಕತ್ತೆಗಳ ಚಿಕಿತ್ಸಾಲಯ ನಡೆಸುತ್ತಿದೆ.

ಓಣಿಯ ಎರಡೂ ಬದಿಯ ಮನೆಗಳನ್ನು ಮೇಲುಮಟ್ಟದಲ್ಲಿ ಜೋಡಿಸುವ ಸೇತುಕೋಣೆಗೆ ವಿಕಿಯೊ ಎಂದು ಹೆಸರು. ಹತ್ತಿರದ ಬಂಧುಗಳ ಮನೆಗಳ ನಡುವೆ ಇದನ್ನು ಕಟ್ಟುತ್ತಿದ್ದರು. ಹೆಂಗಸರು ಬೀದಿಗೆ ಇಳಿಯದೆ ಮನೆಯಿಂದ ಮನೆಗೆ ಹೋಗಬಹುದಿತ್ತು.

ಸಮುದ್ರದಂಚಿನ ಸಾಲು 19ನೆಯ ಶತಮಾನದ್ದು. ದಡವನ್ನು ತುಂಬಿ ಗಳಿಸಿದ ನೆಲದ ಮೇಲೆ, ಒಮಾನಿ ಅಧಿಕಾರಿಗಳ ಮತ್ತು ಭಾರತೀಯ ವರ್ತಕರ ಕಾಲದಲ್ಲಿ, ಕಂಬಸಾಲು ಮತ್ತು ಮಹಡಿ ಜಗಲಿಗಳಿರುವ ಕಟ್ಟಡಗಳು ಎದ್ದವು. ಇವು ಕಡಲಿಗೆ ಮುಖ ಮಾಡಿ ನಿಂತಿವೆ. ಹಿಂದಿನ ಸ್ವಾಹಿಲಿ ಮನೆಗಳು ಬೀದಿಗೆ ಬರಿಯ ಗೋಡೆಯನ್ನಷ್ಟೇ ತೋರುತ್ತವೆ. ವರ್ತಕರಲ್ಲಿ ಗುಜರಾತಿನ ಬೋಹ್ರಾಗಳು ಪ್ರಮುಖರು.

ಮನೆ: ಸಾಮಗ್ರಿ ಮತ್ತು ಕಟ್ಟುವಿಕೆ

ಲಾಮು ದ್ವೀಪ ಹೆಚ್ಚಾಗಿ ಮರಳು. ಕಟ್ಟಡದ ಹವಳಗಲ್ಲನ್ನು ಎದುರಿನ ಮಂಡಾ ದ್ವೀಪದಲ್ಲಿ ಅಗೆದು ದೋಣಿಯಲ್ಲಿ ತರುತ್ತಾರೆ. ಕಲ್ಲಿನಲ್ಲಿ ಎರಡು ಬಗೆ. ನೆಲದಡಿಯ ಹಳೆಯ, ಒರಟು ಹವಳಗಲ್ಲು ಗೋಡೆಗೆ. ಕಡಲಿನೊಳಗಿನ ದಿಬ್ಬದಿಂದ ಕಿತ್ತ ಹಸಿ ಹವಳ ನಯವಾದ ಕೆಲಸಕ್ಕೆ. ತೇವವಿರುವಾಗ ಉಳಿಗೆ ಸುಲಭವಾಗಿ ಬಗ್ಗಿ, ಒಣಗಿದ ಮೇಲೆ ಗಟ್ಟಿಯಾಗುವ ಇದನ್ನು ಬಾಗಿಲುವಾಡಕ್ಕೂ ಮಸೀದಿಯಲ್ಲಿ ಮೆಕ್ಕಾದ ದಿಕ್ಕು ತೋರುವ ಮಿಹ್ರಾಬ್ ಗೂಡಿಗೂ ಬಳಸಿದರು. ಸುಣ್ಣವೂ ಹವಳದ್ದೇ. ಮರದ ದಿಮ್ಮಿಗಳ ದೊಡ್ಡ ರಾಶಿಯ ಮೇಲೆ ಹವಳದ ತುಂಡುಗಳನ್ನು ಪೇರಿಸಿ ಸುಟ್ಟು, ನೀರುಣಿಸಿ, ತಿಂಗಳುಗಟ್ಟಲೆ ಹದಗೊಳ್ಳಲು ಬಿಡುತ್ತಾರೆ.

ತಾರಸಿಗೆ ಕಾಂಡ್ಲಾ ಮರದ ತೊಲೆಗಳನ್ನು ಒತ್ತಾಗಿ ಜೋಡಿಸಿ, ಮೇಲೆ ಹವಳದ ಚಪ್ಪಡಿ ಹಾಸಿ, ಸುಣ್ಣದ ಗಾರೆ ಬಡಿದು ಕೂರಿಸುತ್ತಾರೆ. ಈ ತೊಲೆಗೆ ಬೊರಿಟಿ ಎನ್ನುತ್ತಾರೆ. ಭಾರವಾದ ತಾರಸಿಯನ್ನು ಹೊತ್ತು ಬಾಗದೆ ನಿಲ್ಲುವ ಬೊರಿಟಿಯ ಅಳತೆ ಮೂರು ಮೀಟರಿಗೆ ಆಸುಪಾಸು. ಆದ್ದರಿಂದ ಕೋಣೆಯ ಅಗಲ ಅಷ್ಟಕ್ಕೇ ಸೀಮಿತ, ಉದ್ದ ಮಾತ್ರ ಬೇಕಾದಷ್ಟು. ಲಾಮುವಿನ ಕೋಣೆಗಳೆಲ್ಲ ಉದ್ದ ಹೆಚ್ಚು, ಅಗಲ ಕಡಿಮೆ ಇರುವುದಕ್ಕೆ ಕಾರಣ ಇದು. ಒಂದರ ಹಿಂದೊಂದು ಸಮಾನಾಂತರವಾಗಿ ಕೋಣೆಗಳನ್ನಿಡುವ ಕ್ರಮವೂ ಈ ಮರದ ಮಿತಿಯಿಂದ ಹುಟ್ಟಿ, ಕ್ರಮೇಣ ಸಮಾಜದ ನಿಯಮವಾಗಿ ಬೆಳೆದಿದೆ.

ಮನೆಯ ಒಳವಿನ್ಯಾಸ

ಬೀದಿಯಿಂದ ಮೊದಲು ಸಿಗುವುದು ಡಾಕಾ, ಅಂದರೆ ಮುಚ್ಚಿಗೆಯ ಮುಂಜಗಲಿ. ಅದರ ಎರಡೂ ಬದಿಗೆ ಬರಾಜಾ ಎಂಬ ಕಲ್ಲಿನ ಕಟ್ಟೆಗಳು. ಮನೆಯ ಗಂಡಸರು ಮಾತಿಗೆ, ವ್ಯಾಪಾರಕ್ಕೆ, ಬಾವೊ ಎಂಬ ಗುಣಿಮಣೆ ಆಟಕ್ಕೆ ಇಲ್ಲಿ ಕೂಡುತ್ತಾರೆ. ಪರಿಚಯದ ಮಟ್ಟ ಇಷ್ಟಕ್ಕೇ ಇರುವವರು ಮುಂದೆ ಹೋಗುವುದಿಲ್ಲ. ಡಾಕಾದಾಚೆ ಟೆಕಾನಿ, ನೋಟ ನೇರ ಒಳಹೋಗದಂತೆ ತಿರುವು ಕೊಟ್ಟ ಒಳಪಡಸಾಲೆ. ಅಲ್ಲಿಂದ ಕಿವಾಂಡಾ ಎಂಬ ತೆರೆದ ಅಂಗಳ. ಮನೆಗೆ ಬೆಳಕೂ ಗಾಳಿಯೂ ಬರುವುದು ಇದರಿಂದಲೇ. ಅಂಗಳದ ಪಕ್ಕದ ಅತಿಥಿಕೋಣೆ ಸಬುಲೆ. ದೂರದ ವ್ಯಾಪಾರಿಯನ್ನು ಮಾರುತ ತಿರುಗುವವರೆಗೆ ಇರಿಸುತ್ತಿದ್ದುದು ಇಂಥ ಕೋಣೆಯಲ್ಲಿ.

ಅಂಗಳದ ಇನ್ನೊಂದು ಬದಿಗೆ ಮನೆಯ ಮುಖ್ಯ ಭಾಗ. ಮೊದಲು ಹೊರ ಪಡಸಾಲೆ ಎಂಸಾನಾ ವಾ ಟೀನಿ, ಅದರ ಹಿಂದೆ ಒಳ ಪಡಸಾಲೆ ಎಂಸಾನಾ ವಾ ಯೂ, ಅದರ ಹಿಂದೆ ಎಂಡಾನಿ. ಒಂದೊಂದಕ್ಕೂ ಒಂದು ಮೆಟ್ಟಿಲಷ್ಟು ನೆಲ ಏರುತ್ತದೆ. ಒಳಗೆ ಹೋದಂತೆ ಬೆಳಕು ಕಡಿಮೆಯಾಗುತ್ತದೆ, ಅಲಂಕಾರ ಹೆಚ್ಚುತ್ತದೆ. ಎಂಡಾನಿ ಮನೆಯೊಡತಿಯ ಕೋಣೆ. ಅದರ ಗೋಡೆಯನ್ನು ಸುಣ್ಣಗಾರೆಯ ಚಿತ್ತಾರದ ಗೂಡುಗಳು ನೆಲದಿಂದ ಮೇಲಿನವರೆಗೆ ತುಂಬಿರುತ್ತವೆ. ಜಿಡಾಕಾ ಎಂಬ ಈ ಗೂಡುಗಳಲ್ಲಿ ಚೀನೀ ಪಿಂಗಾಣಿ ಬಟ್ಟಲು, ಕುರ್‌ಆನ್ ಪ್ರತಿಗಳನ್ನು ಇಡುತ್ತಿದ್ದರು. 1980ರ ದಶಕದಲ್ಲಿ ಲಾಮುವಿನ ಮನೆಗಳನ್ನು ಅಧ್ಯಯನ ಮಾಡಿದ ಲಿಂಡಾ ಡಾನ್ಲಿ-ರೀಡ್, ಈ ಗೂಡು ಮತ್ತು ಪಿಂಗಾಣಿ ಸಂಪತ್ತಿನ ಪ್ರದರ್ಶನಕ್ಕೆ ಮಾತ್ರವಲ್ಲ, ಹೆರಿಗೆ, ಮದುವೆ, ಸಾವು ನಡೆಯುವ ಒಳಮನೆಯನ್ನು ಕೆಟ್ಟ ಕಣ್ಣಿನಿಂದ ಕಾಯುವುದಕ್ಕೂ ಎಂದು ವಾದಿಸಿದರು.

ನೀರು ತುಂಬಿಡುವ ಕಲ್ಲಿನ ತೊಟ್ಟಿ ಬಿರಿಕಾ. ತೊಟ್ಟಿಯ ತಳದಲ್ಲಿ ಪಿಂಗಾಣಿ ಬಟ್ಟಲೊಂದನ್ನು ಗಾರೆಯಲ್ಲಿ ಕೂರಿಸಿ, ನೀರು ತಗ್ಗಿದಾಗಲೂ ಅದರಲ್ಲಿ ಉಳಿಯುವಂತೆ ಚಿಕ್ಕ ಮೀನುಗಳನ್ನು ಬಿಡುತ್ತಿದ್ದರು. ಅವು ಸೊಳ್ಳೆಯ ಮರಿಗಳನ್ನು ತಿನ್ನುತ್ತವೆ. ಅಡುಗೆಮನೆ ಸಾಮಾನ್ಯವಾಗಿ ಮಾಳಿಗೆಯ ಮೇಲೆ ಮಾಕುಟಿ ಮಾಡಿನ ಕೆಳಗಿರುತ್ತದೆ. ಹೊಗೆಯೂ ಬಿಸಿಯೂ ವಾಸದ ಕೋಣೆಗಳಿಗೆ ಇಳಿಯುವುದಿಲ್ಲ.

ಈ ವಿನ್ಯಾಸದ ಮೊದಲ ವಿಸ್ತೃತ ದಾಖಲೆ ಉಸಾಮ್ ಗೈದಾನ್ 1970ರ ದಶಕದಲ್ಲಿ ಸಿದ್ಧಪಡಿಸಿದ ಪಟ್ಟಣ ಅಧ್ಯಯನ. ಮುಂದಿನ ಸಂರಕ್ಷಣಾ ಯೋಜನೆಗಳು ಅದರ ಆಧಾರದ ಮೇಲೆ ನಿಂತವು.

ಬಾಗಿಲು ಮತ್ತು ಮರಗೆಲಸ

ಬೀದಿಗೆ ಬರಿಗೋಡೆ ತೋರುವ ಮನೆಯಲ್ಲಿ ಹೊರಗೆ ಕಾಣುವ ಅಲಂಕಾರ ಬಾಗಿಲೊಂದೇ. ಎರಡು ಕದ, ಕದಗಳು ಕೂಡುವಲ್ಲಿ ಕೆತ್ತನೆಯ ನಡುಪಟ್ಟಿ, ಸುತ್ತ ಚೌಕಟ್ಟು, ಮೇಲೆ ಪಟ್ಟಿಕೆ: ಇವು ಬಾಗಿಲಿನ ಅಂಗಗಳು. ಹೆಚ್ಚಿನ ಕೆತ್ತನೆ ಚೌಕಟ್ಟು, ಪಟ್ಟಿಕೆ ಮತ್ತು ನಡುಪಟ್ಟಿಯ ಮೇಲೆ ಬೀಳುತ್ತದೆ. ಬಾಜುನಿ ಎಂಬ ಹಳೆಯ ಬಗೆಯ ಬಾಗಿಲುಗಳಲ್ಲಿ ಆಳವಿಲ್ಲದ ಜ್ಯಾಮಿತಿಯ ಗೀರುಗೆರೆಗಳು. 19ನೆಯ ಶತಮಾನದ ಬಾಗಿಲುಗಳಲ್ಲಿ ತಾವರೆ, ಸರಪಣಿ, ಬಳ್ಳಿ, ಎಲೆಗಳ ತುಂಬುಗೆತ್ತನೆ. ಪಟ್ಟಿಕೆಯಲ್ಲಿ ಕುರ್‌ಆನ್ ವಾಕ್ಯವನ್ನೋ ಹಿಜರಿ ವರ್ಷವನ್ನೋ ಕೊರೆಯುವುದುಂಟು. ಬೆಲೆಬಾಳುವ ಬಾಗಿಲಿಗೆ ಭಾರತದಿಂದ ಬಂದ ತೇಗವನ್ನೂ, ಉಳಿದವಕ್ಕೆ ಸ್ಥಳೀಯ ಗಟ್ಟಿಮರಗಳನ್ನೂ ಹಲಸನ್ನೂ ಬಳಸಿದರು. ಬಾಗಿಲುಗೆತ್ತನೆ, ಅಕ್ಷರಕಲೆ, ಕಾವ್ಯ ಮೂರರಲ್ಲೂ ಪಳಗಿದ ಮುಹಮ್ಮದಿ ಕಿಜುಮಾ (ಸು. 1855–1945) ಲಾಮುವಿನ ಕೆತ್ತನೆಗಾರರಲ್ಲಿ ಅತ್ಯಂತ ಪ್ರಸಿದ್ಧ.

ಪೀಠೋಪಕರಣಗಳಲ್ಲಿ ಕೀಟಿ ಚಾ ಎಂಜಿ ಎಂಬ ಗೌರವಪೀಠ ಮೊದಲು ಹೇಳಬೇಕಾದದ್ದು. ನೇರ ಬೆನ್ನು, ಅಗಲ ತೋಳು, ಕಾಲಿಡುವ ಹಲಗೆ, ಕರಿಮರದಲ್ಲಿ ದಂತ ಅಥವಾ ಮೂಳೆಯ ಒಳಸೇರ್ಪಡೆ, ಹೆಣೆದ ಹುರಿಯ ಆಸನ ಅದರ ಲಕ್ಷಣ. ಮನೆಗೆ ಬಂದ ಗಣ್ಯನಿಗೂ ವಿಧಿಗಳ ಸಂದರ್ಭಕ್ಕೂ ಅದು ಮೀಸಲು. ದಿನಬಳಕೆಯವು ಹುರಿ ಹೆಣೆದ ಉಲಿಲಿ ಮಂಚ, ಎಂಬೂಜಿ ಎಂಬ ತೆಂಗಿನಕಾಯಿ ತುರಿಮಣೆ, ಕುರ್‌ಆನ್ ಇಡುವ ಮಡಚುಪೀಠ.

ದೋಣಿ ಕಟ್ಟುವಿಕೆ

ದ್ವೀಪಸ್ತೋಮದ ಅತಿ ಹಳೆಯ ದೊಡ್ಡ ಹಡಗು ಎಂಟೆಪೆ. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಚಾಪೆಯ ಚೌಕಹಾಯಿ ಏರಿಸುತ್ತಿದ್ದರು. ಹೊಲಿಗೆಯ ಒಡಲು ಮರಳಿಗೆ ತಗುಲಿದರೂ ಬಗ್ಗಿಕೊಳ್ಳುತ್ತಿತ್ತು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಎಂಟೆಪೆ ಬಳಕೆಯಿಂದ ಮರೆಯಾಯಿತು. ಈಗ ಅದರ ಮಾದರಿಗಳು ವಸ್ತುಸಂಗ್ರಹಾಲಯಗಳಲ್ಲಿ ಮಾತ್ರ ಇವೆ.

ಇಂದಿನ ದೊಡ್ಡ ದೋಣಿ ಜಹಾಜಿ: ನೆಟ್ಟಗಿನ ಮೂತಿ, ಮೊಳೆಯ ಜೋಡಣೆ, ತ್ರಿಕೋನ ಹಾಯಿ. ಮಶುವಾ ಅದಕ್ಕಿಂತ ಚಿಕ್ಕದು, ಎಂಟುಂಬ್ವಿ ಒಂದೇ ಮರ ಕೊರೆದ ದೋಣಿ. ಮಟೊಂಡೊನಿ ಜಹಾಜಿ ಕಟ್ಟುವವರ ಊರು. ನಕ್ಷೆ ಬರೆಯುವ ರೂಢಿ ಇಲ್ಲ. ಮುಖ್ಯ ಬಡಗಿ ಅಂಗೈ, ಮೊಳ, ಹುರಿಯ ಅಳತೆಯಿಂದ ಆಕಾರ ಕಾಣುತ್ತಾನೆ. ವಕ್ರಕ್ಕೆ ಬೇಕಾದ ಪಕ್ಕೆಲುಬನ್ನು ನೈಸರ್ಗಿಕವಾಗಿ ಬಾಗಿದ ಕೊಂಬೆಯಿಂದ ಆರಿಸುತ್ತಾರೆ. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಉಳಿಯಿಂದ ಬಡಿದು ತುಂಬುತ್ತಾರೆ. ಮೂತಿಯ ಎರಡೂ ಬದಿಗೆ ಕಣ್ಣಿನಂಥ ದುಂಡು ಫಲಕ ಕೂರಿಸುವುದು ಲಾಮು ಜಹಾಜಿಯ ಗುರುತು. ಹಳೆಯ ಕೌಶಲದಿಂದ ಹೊಸ ಸಾಮಗ್ರಿಯಲ್ಲಿ ಕಟ್ಟಿದ ದೋಣಿ ಫ್ಲಿಪ್‌ಫ್ಲಾಪಿ. ಸಂಗ್ರಹಿಸಿದ ಪ್ಲಾಸ್ಟಿಕ್ ಕಸವನ್ನು ಕರಗಿಸಿ ಹಲಗೆ ಮಾಡಿ, ಹೊರಗೆ ಹವಾಯಿ ಚಪ್ಪಲಿಗಳ ಬಣ್ಣದ ತುಂಡುಗಳನ್ನು ಹೊದಿಸಿ, ಲಾಮುವಿನ ಬಡಗಿ ಅಲಿ ಸ್ಕಂಡಾ ಅವರ ನೇತೃತ್ವದಲ್ಲಿ ಇದು ಸಿದ್ಧವಾಯಿತು. 2019ರ ಆರಂಭದಲ್ಲಿ ಇದು ಲಾಮುವಿನಿಂದ ಜಾಂಜಿಬಾರಿಗೆ ಹಾಯಿ ಬಿಚ್ಚಿ ಸಾಗಿತು.

ಇತರ ಕುಶಲಕಲೆಗಳು

ಗಂಡಸರ ಟೋಪಿ ಕೊಫಿಯಾದ ಮೇಲೆ ಚಿಕ್ಕ ರಂಧ್ರಗಳ ಸುತ್ತ ಸೂಜಿಯಿಂದ ಚಿತ್ತಾರ ಹೊಲಿಯುತ್ತಾರೆ. ಒಂದನ್ನು ಮುಗಿಸಲು ತಿಂಗಳುಗಳೇ ಹಿಡಿಯಬಹುದು. ತಾಳೆ ಮತ್ತು ಈಚಲ ಜಾತಿಯ ಗರಿಗಳಿಂದ ಎಂಕೆಕಾ ಚಾಪೆ ಹೆಣೆಯುವುದು ಹೆಂಗಸರ ಕೆಲಸ, ಕಿಪುಂಗಾನಿ ಅದಕ್ಕೆ ಹೆಸರುವಾಸಿ. ಪಾಟೆ ದ್ವೀಪದ ಸಿಯು ತೊಗಲಿನ ಕೆಲಸ, ಆಭರಣ ಮತ್ತು ಕುರ್‌ಆನ್ ಪ್ರತಿ ಮಾಡುವಿಕೆಗೆ ಪ್ರಸಿದ್ಧವಾಗಿತ್ತು. ಬೆಳ್ಳಿಗೆಲಸದವರು ಹಳೆಯ ಪಿಂಗಾಣಿಯ ಚೂರುಗಳನ್ನು ಬೆಳ್ಳಿಯಲ್ಲಿ ಕೂರಿಸಿ ಉಂಗುರ ಮಾಡುವುದು ಲಾಮುವಿನಲ್ಲಿ ಕಾಣುವ ರೂಢಿ.

ಸಿವಾ ಎಂಬ ಅಡ್ಡಕೊಂಬು ಅಧಿಕಾರದ ಲಾಂಛನ. ಪಾಟೆಯ ದಂತದ ಸಿವಾ ಸುಮಾರು 2 ಮೀಟರ್ ಉದ್ದವಿದೆ; ಲಾಮುವಿನದು ಲೋಹದ್ದು. ಗಣ್ಯ ಮನೆತನಗಳ ಮದುವೆ ಮತ್ತು ಸುನ್ನತಿಗಳಲ್ಲಿ ಇವನ್ನು ಊದುತ್ತಿದ್ದರು. ಎರಡೂ ಈಗ ಲಾಮು ವಸ್ತುಸಂಗ್ರಹಾಲಯದಲ್ಲಿವೆ.

ಉಡುಪಿನಲ್ಲಿ ಗಂಡಸರಿಗೆ ಕಿಕೊಯಿ ಎಂಬ ಸೊಂಟದ ಬಟ್ಟೆ, ಹೆಂಗಸರಿಗೆ ಕಾಂಗಾ ಜೋಡಿ. ಹೊರಗೆ ಹೋಗುವಾಗ ಕಪ್ಪು ಬುಯಿಬುಯಿ. ಕಾಂಗಾದ ಅಂಚಿನಲ್ಲಿ ಗಾದೆಯನ್ನೋ ಮಾತನ್ನೋ ಅಚ್ಚುಹಾಕಿರುತ್ತದೆ. ನೇರವಾಗಿ ಆಡಲಾಗದ ಮಾತನ್ನು ನೆರೆಯವಳಿಗೋ ಗಂಡನಿಗೋ ತಲುಪಿಸಲು ತಕ್ಕ ಕಾಂಗಾವನ್ನು ಆರಿಸಿ ಉಡುವುದುಂಟು. ಕಾಂಗಾ ವ್ಯಾಪಾರವನ್ನು ಬೆಳೆಸಿದವರಲ್ಲಿ ಮೊಂಬಾಸಾದ ಗುಜರಾತಿ ಮೂಲದ ವರ್ತಕರು ಮುಖ್ಯರು.

ಮದುವೆ ಮತ್ತು ಮನೆತನ

ಹಳೆಯ ಲಾಮು ವಾಉಂಗ್ವಾನಾ ಎಂಬ ಕುಲೀನರು, ಸ್ವತಂತ್ರ ಸಾಮಾನ್ಯರು, ವಲಸೆ ಬಂದವರು, ಗುಲಾಮರು ಎಂಬ ಕಟ್ಟುನಿಟ್ಟಿನ ಶ್ರೇಣಿಗಳ ಊರಾಗಿತ್ತು. ಕಲ್ಲಿನ ಮನೆ ಕಟ್ಟುವ ಹಕ್ಕು ವಾಉಂಗ್ವಾನಾಗಳ ಹೆಗ್ಗುರುತು. ಮದುವೆಯಾದ ಮಗಳು ತವರಿನಲ್ಲೇ ಉಳಿಯುತ್ತಿದ್ದಳು, ಗಂಡ ಅವಳ ಮನೆಗೆ ಬಂದು ಸೇರುತ್ತಿದ್ದ. ತಂದೆ ಮಗಳಿಗಾಗಿ ಮಾಳಿಗೆ ಏರಿಸುತ್ತಿದ್ದ, ಪಕ್ಕದ ಮನೆ ಕಟ್ಟುತ್ತಿದ್ದ, ಇಲ್ಲವೆ ಓಣಿಯ ಮೇಲೆ ವಿಕಿಯೊ ಹಾಯಿಸುತ್ತಿದ್ದ. ಲಾಮುವಿನ ಮನೆಗಳು ಗುಂಪಾಗಿ, ಮೇಲ್ಮುಖವಾಗಿ, ಒಂದಕ್ಕೊಂದು ಬೆಸೆದು ಬೆಳೆದದ್ದಕ್ಕೆ ಹೆಣ್ಣುಮಕ್ಕಳ ಮದುವೆಗಳೇ ಕಾರಣ. ಪಟ್ಟಣದ ನಕ್ಷೆಯನ್ನು ಮನೆತನಗಳ ಸಂಬಂಧ ತಿಳಿಯದೆ ಓದಲಾಗುವುದಿಲ್ಲ.

ಮದುವೆ ಹಲವು ದಿನಗಳದು. ವಧುವಿಗೆ ಸೊಮೊ ಎಂಬ ಹಿರಿಯಳು ದಾಂಪತ್ಯದ ಪಾಠ ಹೇಳುತ್ತಾಳೆ. ಮೈಗೆ ಸುಗಂಧದ ಸಿಂಗೊ ಲೇಪ, ಕೈಕಾಲಿಗೆ ಗೋರಂಟಿಯ ಚಿತ್ತಾರ, ಮುಡಿಗೆ ಮಲ್ಲಿಗೆ. ಹೆಂಗಸರ ಕೂಟದಲ್ಲಿ ಪ್ರಾಣಿಯ ಕೊಂಬುಗಳನ್ನು ಕಡ್ಡಿಯಿಂದ ಬಡಿದು ಹಾಡುವ ವುಗೊ ನಡೆಯುತ್ತದೆ. ಗಂಡಸರ ಕಡೆ ಕೋಲು ಹಿಡಿದು ಸಾಲಾಗಿ ಆಡುವ ಗೊಮಾ, ಕೋಲುವರಸೆಯ ಕಿರುಂಬಿಜಿ. ನಿಕಾಹಿನ ನಂತರ ವರ ವಧುವಿನ ಮನೆಗೆ ಬಂದು, ಫುಂಗಾಟೆ ಎಂಬ ಏಳು ದಿನಗಳ ಏಕಾಂತದಲ್ಲಿ ದಂಪತಿ ಇರುತ್ತಾರೆ.

ಧರ್ಮ ಮತ್ತು ಹಬ್ಬಗಳು

ಪಟ್ಟಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಸೀದಿಗಳಿವೆ. ಕೋಟೆಯ ಬಳಿಯ ಪ್ವಾನಿ ಮಸೀದಿಯನ್ನು 1370ರದ್ದೆಂದು ಹೇಳುವುದು ರೂಢಿ. ಹಳೆಯ ಲಾಮು ಮಸೀದಿಗಳಿಗೆ ಮಿನಾರು ಇರುವುದಿಲ್ಲ. ಹೊರನೋಟಕ್ಕೆ ಅವು ಮನೆಗಳಿಂದ ಹೆಚ್ಚು ಬೇರೆಯಾಗಿ ಕಾಣುವುದೂ ಇಲ್ಲ.

ಲಾಮುವಿನ ಧಾರ್ಮಿಕ ಬದುಕನ್ನು ಬದಲಿಸಿದವರು ಹಬೀಬ್ ಸ್ವಾಲೆ. ಕೊಮೊರೊಸ್ ದ್ವೀಪಗಳಿಂದ ಬಂದ ಈ ವಿದ್ವಾಂಸ ಲಂಗೊನಿಯ ಅಂಚಿನಲ್ಲಿ ನೆಲೆಸಿ, ಕುಲೀನರು ವಿದ್ಯೆಯಿಂದ ದೂರವಿಟ್ಟಿದ್ದ ಮಾಜಿ ಗುಲಾಮರಿಗೂ ವಲಸಿಗರಿಗೂ ಕುರ್‌ಆನ್ ಕಲಿಸಿದರು. 1900ರ ಸುಮಾರಿಗೆ ಅವರ ಸುತ್ತ ರಿಯಾಧಾ ಮಸೀದಿ ಮತ್ತು ವಿದ್ಯಾಕೇಂದ್ರ ಬೆಳೆದವು. ಯೆಮನ್‌ನ ಹದ್ರಮೌತಿನ ಅಲಿ ಅಲ್-ಹಬ್ಷಿ ರಚಿಸಿದ, ಪ್ರವಾದಿಯ ಜನನವನ್ನು ಸ್ತುತಿಸುವ ಮೌಲೀದ್ ಪಠಣವನ್ನು ದಮ್ಮಡಿಗಳೊಂದಿಗೆ ಮಸೀದಿಯೊಳಗೆ ನಡೆಸುವ ಪದ್ಧತಿಯನ್ನು ಅವರು ತಂದಾಗ ಹಳೆಯ ಮನೆತನಗಳು ವಿರೋಧಿಸಿದವು. ಅದೇ ಪಠಣ ಇಂದು ಊರಿನ ಅತಿ ದೊಡ್ಡ ಹಬ್ಬ. ರಬೀಉಲ್ ಅವ್ವಲ್ ತಿಂಗಳಲ್ಲಿ ಪೂರ್ವ ಆಫ್ರಿಕದ ಬೇರೆ ಬೇರೆ ಭಾಗಗಳಿಂದ ಯಾತ್ರಿಕರು ಸೇರುತ್ತಾರೆ. ಪಠಣ ಮತ್ತು ಮೆರವಣಿಗೆಯ ಜೊತೆಗೆ ಕತ್ತೆಗಳ ಓಟ, ಹಾಯಿದೋಣಿ ಸ್ಪರ್ಧೆ, ಈಜು, ಅಕ್ಷರಕಲೆಯ ಪೈಪೋಟಿಗಳೂ ನಡೆಯುತ್ತವೆ.

ಕಾವ್ಯ

ಲಾಮುವಿನ ಉಪಭಾಷೆ ಕಿಯಾಮು. ಇದೂ ನೆರೆಯ ಪಾಟೆಯ ಭಾಷೆಯೂ ಹಳೆಯ ಸ್ವಾಹಿಲಿ ಕಾವ್ಯದ ಮಾಧ್ಯಮ. ಬರೆಯುತ್ತಿದ್ದುದು ಅರಬ್ಬಿ ಲಿಪಿಯಲ್ಲಿ. ಉಟೆಂಡಿ ಎಂಬ ದೀರ್ಘ ಕಾವ್ಯದಲ್ಲಿ ಎಂಟು ಅಕ್ಷರಗಳ ನಾಲ್ಕು ಪಾದಗಳು ಒಂದು ಪದ್ಯವಾಗುತ್ತವೆ. 1728ರ ಉಟೆಂಡಿ ವಾ ಟಂಬುಕಾ ಉಳಿದುಬಂದ ಅತ್ಯಂತ ಹಳೆಯ ಉಟೆಂಡಿಗಳಲ್ಲೊಂದು. ಸಯ್ಯಿದ್ ಅಬ್ದುಲ್ಲಾರ ಅಲ್-ಇಂಕಿಶಾಫಿ ಪಾಟೆಯ ಹಾಳುಬಿದ್ದ ಮಹಲುಗಳನ್ನು ನೋಡಿ ಲೋಕದ ಅಸ್ಥಿರತೆಯನ್ನು ಧ್ಯಾನಿಸುತ್ತದೆ. ಮನೆಯ ಗೂಡು, ಪಿಂಗಾಣಿ, ದೀಪಗಳ ವಿವರ ಅದರಲ್ಲಿರುವುದರಿಂದ ವಾಸ್ತುವಿನ ಅಧ್ಯಯನಕ್ಕೂ ಅದು ಆಕರ. ಮ್ವಾನಾ ಕುಪೊನಾ 1858ರಲ್ಲಿ ತನ್ನ ಮಗಳಿಗೆ ಹೇಳಿದ ಹಿತವಚನದ ಕಾವ್ಯ ಸ್ವಾಹಿಲಿ ಹೆಂಗಸರ ಬರವಣಿಗೆಯಲ್ಲಿ ಅತ್ಯಂತ ಪ್ರಸಿದ್ಧವಾದದ್ದು.

ಇಂದಿನ ಸ್ಥಿತಿ

1986ರಲ್ಲಿ ಕೆನ್ಯಾ ಸರ್ಕಾರ ಹಳೆಯ ಪಟ್ಟಣವನ್ನು ಸಂರಕ್ಷಿತವೆಂದು ಘೋಷಿಸಿತು. ಕೆನ್ಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಸಂಸ್ಥೆ ಇದರ ಹೊಣೆ ಹೊತ್ತಿದೆ. 1910ರಿಂದ 1984ರವರೆಗೆ ಸೆರೆಮನೆಯಾಗಿದ್ದ ಕೋಟೆಯೂ ಈ ಸಂಸ್ಥೆಗೆ ಸೇರಿದ್ದು, ಈಗ ಅಲ್ಲಿ ಪ್ರದರ್ಶನಾಲಯ ಮತ್ತು ಗ್ರಂಥಾಲಯವಿವೆ. ಹಳೆಯ ಮನೆಗಳನ್ನು ಹೊರಗಿನವರು ಕೊಂಡು ದುರಸ್ತಿ ಮಾಡಿಸಿದ್ದರಿಂದ ಗಾರೆಗೆಲಸ, ಕೆತ್ತನೆಗಳಿಗೆ ಬೇಡಿಕೆ ಹೆಚ್ಚಿತು. ಆದರೆ ಹೆಣ್ಣುಮಕ್ಕಳ ಪಾಲಿಗೆ ಬರಬೇಕಿದ್ದ ಮನೆಗಳು ಅತಿಥಿಗೃಹಗಳಾದವು, ಬೆಲೆ ಏರಿ ಸ್ಥಳೀಯ ಕುಟುಂಬಗಳು ಪಟ್ಟಣದ ಹೊರವಲಯಕ್ಕೆ ಸರಿದವು. ಮದುವೆಯೊಂದಿಗೆ ಬೆಳೆಯುತ್ತಿದ್ದ ಮನೆ ಹೀಗೆ ತನ್ನ ಕಾರಣವನ್ನೇ ಕಳೆದುಕೊಂಡಿದೆ. ಸಂರಕ್ಷಣೆಯ ನಿಯಮಗಳು ಗೋಡೆಯನ್ನು ಕಾಯಬಲ್ಲವು, ಈ ನಷ್ಟವನ್ನು ತಡೆಯಲು ಅವುಗಳಲ್ಲಿ ದಾರಿಯಿಲ್ಲ. ಸಾಮಗ್ರಿಯ ಕೊರತೆಯೂ ಇದೆ. ಕೆನ್ಯಾದ ಕಾಂಡ್ಲಾ ಕಾಡಿನ ಸುಮಾರು ಶೇಕಡ 60 ಲಾಮು ಕೌಂಟಿಯಲ್ಲಿದ್ದರೂ, ಕಡಿತದ ಮೇಲೆ ನಿರ್ಬಂಧಗಳಿವೆ. ಸಿಮೆಂಟು ಅಗ್ಗವಾಗಿ ಸುಣ್ಣದ ಭಟ್ಟಿಗಳು ಕಡಿಮೆಯಾಗಿವೆ. ಉಪ್ಪುಗಾಳಿಯಲ್ಲಿ ಉಸಿರಾಡಬೇಕಾದ ಹವಳದ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆ ಸಡಿಲವಾಗುತ್ತದೆ.

ದ್ವೀಪಸ್ತೋಮದ ಬದಿಯ ಮಂಡಾ ಕೊಲ್ಲಿಯಲ್ಲಿ ಕೆನ್ಯಾ, ಇಥಿಯೋಪಿಯ, ದಕ್ಷಿಣ ಸುಡಾನ್‌ಗಳನ್ನು ಬೆಸೆಯುವ ಲ್ಯಾಪ್‌ಸೆಟ್ ಯೋಜನೆಯ ಬಂದರಿನ ಕೆಲಸ 2012ರಲ್ಲಿ ಆರಂಭವಾಯಿತು. ಒಟ್ಟು 32 ಹಡಗುಕಟ್ಟೆಗಳ ಗುರಿಯಿರುವ ಇದರ ಮೊದಲ ಕಟ್ಟೆ 2021ರ ಮೇ ತಿಂಗಳಲ್ಲಿ ತೆರೆಯಿತು. ಹೂಳೆತ್ತುವಿಕೆಯಿಂದ ಮೀನುಗಾರಿಕೆಗೆ ಹಾನಿಯಾಯಿತೆಂಬ ಮೊಕದ್ದಮೆಯಲ್ಲಿ 2018ರಲ್ಲಿ ಹೈಕೋರ್ಟ್ ಮೀನುಗಾರರಿಗೆ ಪರಿಹಾರ ನೀಡುವಂತೆ ಆದೇಶಿಸಿತು. ಬಂದರಿನ ಸಮೀಪ ಯೋಜಿಸಿದ್ದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪರವಾನಗಿಯನ್ನು ರಾಷ್ಟ್ರೀಯ ಪರಿಸರ ನ್ಯಾಯಮಂಡಳಿ 2019ರ ಜೂನ್‌ನಲ್ಲಿ ರದ್ದುಪಡಿಸಿತು.